ಕೂಡಾಟದಲ್ಲಿ ನಿಮ್ಮ ಗೆರೆ ಎಲ್ಲಿ ಹೋಯಿತು?

ಉಡುಪಿಯ ಓದುಗರೊಬ್ಬರ ಪತ್ರ:

‘ಯಕ್ಷಗಾನ ಪ್ರಸಂಗ ಅಭಿಮನ್ಯು ಕಾಳಗದ ಒಂದು ಭಾಗವನ್ನು ಏಳು ನಿಮಿಷದ ಅನಿಮೇಷನ್ ಮಾಡಲು ನಾವು ಆರು ಮಂದಿ ಸೇರಿದೆವು. ಚಿತ್ರಕ್ಕೆ ನಾನು ಮತ್ತು ಇನ್ನೊಬ್ಬರು, ಹಾಡಿಗೆ ಒಬ್ಬರು ಭಾಗವತರು, ಚೆಂಡೆ ಮದ್ದಳೆಗೆ ಇಬ್ಬರು, ಎಡಿಟಿಂಗಿಗೆ ಒಬ್ಬರು. ಉಡುಪಿ, ಬ್ರಹ್ಮಾವರ, ಮಂಗಳೂರು, ಬೆಂಗಳೂರು ಎಂದು ಒಬ್ಬೊಬ್ಬರು ಒಂದೊಂದು ಕಡೆ. ಎಲ್ಲರಿಗೂ ಒಂದೇ ಫೋಲ್ಡರ್, ಯಾರು ಬೇಕಾದರೂ ತಿದ್ದಬಹುದು. ದೃಶ್ಯಗಳನ್ನು ಇಬ್ಬರು ಅರ್ಧರ್ಧ ಹಂಚಿಕೊಂಡೆವು. ಕೊನೆಗೆ ಹೊಂದಿಕೆಯಾಗಲಿ ಎಂದು ಒಬ್ಬರ ಗೆರೆಯನ್ನು ಇನ್ನೊಬ್ಬರು ತಿದ್ದಿದೆವು. ಎಂಟು ತಿಂಗಳಾದ ಮೇಲೆ ನೋಡಿದರೆ ಅದು ಯಾರ ಚಿತ್ರವೂ ಅಲ್ಲ. ಮದ್ದಳೆ ಹೆಜ್ಜೆಗೆ ಕೂಡುವುದಿಲ್ಲ. ಹೆಸರು ಹಾಕುವಾಗ ಮನಸ್ತಾಪವೂ ಆಯಿತು. ಈ ಡಿಜಿಟಲ್ ಕಾಲದಲ್ಲಿ ಒಬ್ಬರ ಸ್ವಂತ ಸೃಷ್ಟಿ ಎಂಬುದಕ್ಕೆ ಜಾಗವಿಲ್ಲವೇ? ಇನ್ನು ಮುಂದೆ ನಾನೊಬ್ಬಳೇ ಮಾಡುವುದು ಒಳ್ಳೆಯದೇ?’

ಪ್ರಿಯ ಓದುಗರೇ,

ಪತ್ರದ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ನಡುವಿನ ಒಂದು ಮಾತಿನಲ್ಲೇ ಇದೆ: ‘ಯಾರು ಬೇಕಾದರೂ ತಿದ್ದಬಹುದು.’ ಆರು ಮಂದಿ ಸೇರಿದ್ದಾಗಲಿ ಕಂಪ್ಯೂಟರಿನಲ್ಲಿ ಬರೆದದ್ದಾಗಲಿ ನಿಮ್ಮ ಗೆರೆಯನ್ನು ಅಳಿಸಿಲ್ಲ. ಯಾವ ಭಾಗದಲ್ಲಿ ಕೊನೆಯ ಮಾತು ಯಾರದ್ದು ಎಂದು ಮೊದಲ ದಿನವೇ ಹೇಳಿಕೊಳ್ಳದೆ ಇದ್ದುದರಿಂದ ಅದು ಅಳಿಸಿಹೋಯಿತು.

ನೀವು ಎತ್ತಿಕೊಂಡ ಕಲೆಯೇ ಈ ವಿಷಯದಲ್ಲಿ ಎಷ್ಟು ಖಚಿತವಾಗಿದೆ ನೋಡಿ. ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತುಗಳಲ್ಲೇ ನಡೆಸುವ ತಾಳಮದ್ದಳೆಯ ಕೂಟದಲ್ಲಿ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಎಷ್ಟೋ ಸಲ ಮುಖಾಮುಖಿಯಾಗುವುದೇ ವೇದಿಕೆಯಲ್ಲಿ. ಬರೆದಿಟ್ಟ ಸಂಭಾಷಣೆ ಇಲ್ಲ, ಅಭ್ಯಾಸ ಇಲ್ಲ. ಆದರೂ ಕೂಟ ಕಳಚಿ ಬೀಳುವುದಿಲ್ಲ. ಪದ್ಯ ಕವಿಯದು, ಅದರ ಸಾಹಿತ್ಯಕ್ಕೆ ಅರ್ಥಧಾರಿ ಕೈ ಹಾಕುವುದಿಲ್ಲ. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು, ಯಾವ ರಾಗ, ಎಷ್ಟು ವೇಗ ಎಂಬುದು ಭಾಗವತರದು. ಪದ್ಯ ಮುಗಿದ ಮೇಲಿನ ಮಾತು ಪೂರ್ತಿ ಅರ್ಥಧಾರಿಯದು. ಅಲ್ಲಿ ಅವರು ತಮ್ಮ ಓದನ್ನೂ ತರ್ಕವನ್ನೂ ಸುರಿಯಬಹುದು, ಆದರೆ ಪದ್ಯದ ಆಶಯಕ್ಕೆ ಬಂದು ಮುಟ್ಟಲೇಬೇಕು, ಎದುರಿನವರಿಗೆ ಮಾತು ಬಿಟ್ಟುಕೊಡಲೇಬೇಕು. ಎಳೆದದ್ದು ಹೆಚ್ಚಾಯಿತೆಂದು ಕಂಡರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಎಂಥ ದೊಡ್ಡ ಅರ್ಥಧಾರಿಯೂ ಆಗ ನಿಲ್ಲಿಸುತ್ತಾರೆ. ಇಷ್ಟೆಲ್ಲ ಬೇಲಿ ಇರುವಲ್ಲೇ, ಒಂದೇ ಕೃಷ್ಣನ ಅರ್ಥವನ್ನು ಇಬ್ಬರು ಹೇಳಿದರೆ ಕಣ್ಣು ಮುಚ್ಚಿ ಕೂತವರಿಗೂ ಯಾರು ಹೇಳುತ್ತಿದ್ದಾರೆಂದು ಗೊತ್ತಾಗುತ್ತದೆ. ಎರಡು ಮೇಳದವರು ಒಂದೇ ರಂಗಸ್ಥಳ ಹತ್ತುವ ಕೂಡಾಟದಲ್ಲೂ ಹೀಗೆಯೇ. ಯಾವ ಪ್ರಸಂಗ, ಯಾರಿಗೆ ಯಾವ ವೇಷ, ಎಷ್ಟು ಹೊತ್ತಿಗೆ ಯಾರ ಭಾಗವತಿಕೆ ಎಂಬುದೆಲ್ಲ ಬಣ್ಣದ ಮನೆಯಾದ ಚೌಕಿಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ.

ನೀವು ಆರಿಸಿಕೊಂಡ ಮಾದರಿ ವಿಕಿಪೀಡಿಯದ್ದು. ಅದು ಒಳ್ಳೆಯ ಮಾದರಿ, ಅದರ ಕೆಲಸಕ್ಕೆ. 2003ರಿಂದ ಕನ್ನಡದಲ್ಲಿ, 2016ರಿಂದ ತುಳುವಿನಲ್ಲಿ ಎಷ್ಟೋ ಮಂದಿ ಒಬ್ಬರ ಮೇಲೊಬ್ಬರು ತಿದ್ದುತ್ತ ಬರೆಯುತ್ತಿದ್ದಾರೆ. ಅಲ್ಲಿ ಯಾರೊಬ್ಬರ ದನಿಯೂ ಕೇಳಬಾರದು ಎಂಬುದೇ ಗುರಿ. ಭಿನ್ನಾಭಿಪ್ರಾಯ ಬಂದರೆ ಆಧಾರ ತೋರಿಸಿ ಬಗೆಹರಿಸಬಹುದು. ಯಾರು ಯಾವ ಅಕ್ಷರ ಸೇರಿಸಿದರು, ತೆಗೆದರು ಎಂಬುದು ‘ಇತಿಹಾಸ’ ಎಂಬ ಪುಟದಲ್ಲಿ ಉಳಿದಿರುತ್ತದೆ. ಅಭಿಮನ್ಯುವಿನ ಹುಬ್ಬು ಎಷ್ಟು ಏರಬೇಕು ಎಂಬುದಕ್ಕೆ ಯಾವ ಆಧಾರ ತೋರಿಸುತ್ತೀರಿ? ಆಧಾರ ಇಲ್ಲದ ಕಡೆ ತೀರ್ಮಾನ ಒಬ್ಬರ ಕಣ್ಣಿನಿಂದಲೇ ಬರಬೇಕು. ವಾಟ್ಸಾಪ್ ಗುಂಪಿನಲ್ಲಿ ಮತಕ್ಕೆ ಹಾಕಿದರೆ ಗೆಲ್ಲುವುದು ಯಾರಿಗೂ ಬೇಡವೆನಿಸದ ಹುಬ್ಬು, ಯಾರಿಗಾದರೂ ಬೇಕೆನಿಸಿದ ಹುಬ್ಬಲ್ಲ. ಬ್ಲೆಂಡರ್ ಎಂಬ ಉಚಿತ ಅನಿಮೇಷನ್ ತಂತ್ರಾಂಶದ ಹಿಂದಿರುವ ಬ್ಲೆಂಡರ್ ಫೌಂಡೇಶನ್ 2006ರಿಂದ ತನ್ನ ಕಿರುಚಿತ್ರಗಳನ್ನು ಮೂಲ ಕಡತಗಳ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಇಳಿಸಿಕೊಂಡು ಬಿಚ್ಚಿ ನೋಡಬಹುದು. ಅಂಥ ತೆರೆದ ಕೆಲಸದಲ್ಲೂ ಚಿತ್ರಕ್ಕೆ ನಿರ್ದೇಶಕರು ಇದ್ದೇ ಇದ್ದರು.

ಇನ್ನು ಚಿತ್ರದ ಕೆಲಸ. ಏಳು ನಿಮಿಷ ಎಂದರೆ 420 ಸೆಕೆಂಡ್. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 10,500 ಫ್ರೇಮ್. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 5,250 ಚಿತ್ರ ಬೇಕು. ಇಬ್ಬರೂ ದಿನಕ್ಕೆ 15ರಂತೆ ಒಂದು ದಿನವೂ ತಪ್ಪದೆ ಬರೆದರೆ 175 ದಿನ. ಒಬ್ಬರೇ ಆದರೆ ಇದರ ಎರಡರಷ್ಟು. ಆದ್ದರಿಂದ ‘ಒಬ್ಬಳೇ ಮಾಡಲೇ’ ಎಂದು ಕೇಳುವ ಮೊದಲು ಈ ಲೆಕ್ಕವನ್ನು ಎದುರಿಗೆ ಇಟ್ಟುಕೊಳ್ಳಿ. ಒಬ್ಬರೇ ಮಾಡುವುದಾದರೆ ಒಂದು ನಿಮಿಷದ್ದು ಮಾಡಿ, 750 ಚಿತ್ರ. ಅದು ಕೈಗೆ ನಿಲುಕುವ ಕೆಲಸ.

ಹಂಚಿ ಮಾಡುವುದಾದರೆ ದೃಶ್ಯದ ಲೆಕ್ಕದಲ್ಲಿ ಹಂಚಬೇಡಿ. ಒಂದೇ ಅಭಿಮನ್ಯು ಎರಡು ಕೈಯಲ್ಲಿ ಬಂದರೆ ಕೊನೆಗೆ ಹೊಂದಿಸಲೇಬೇಕಾಗುತ್ತದೆ, ಹೊಂದಿಸುವುದೆಂದರೆ ಇಬ್ಬರ ಗೆರೆಯನ್ನೂ ಉಜ್ಜಿ ಸಪಾಟು ಮಾಡುವುದು. ಕೆಲಸದ ಪದರದ ಮೇಲೆ ಹಂಚಿಕೊಳ್ಳಿ. ಪಾತ್ರಗಳ ಮುಖ್ಯ ಭಂಗಿಗಳೆಲ್ಲ ನಿಮ್ಮ ಕೈಯಲ್ಲಿ ಇರಲಿ. ಹಿನ್ನೆಲೆ, ಬಣ್ಣ, ಬೆಳಕು ಪೂರ್ತಿ ಇನ್ನೊಬ್ಬರದಾಗಲಿ, ಅಲ್ಲಿ ನೀವು ಬೆರಳು ಇಡಬೇಡಿ. ಎರಡು ಭಂಗಿಗಳ ನಡುವೆ ತುಂಬುವ ಚಿತ್ರಗಳನ್ನು ಇಬ್ಬರೂ ಬರೆಯಬಹುದು, ಆದರೆ ಅವಕ್ಕೆ ಒಪ್ಪಿಗೆ ಕೊಡುವವರು ಭಂಗಿ ಬರೆದವರೇ.

ಇದು ನಡೆಯಬೇಕಾದರೆ ಮೊದಲು ಮಾದರಿ ಹಾಳೆ ಬೇಕು. ಒಂದೊಂದು ಪಾತ್ರಕ್ಕೂ ಮುಂದಿನಿಂದ, ಮುಕ್ಕಾಲು, ಪಕ್ಕ, ಹಿಂದಿನ ಮುಕ್ಕಾಲು, ಬೆನ್ನು ಹೀಗೆ ಐದು ನೋಟ. ಆರು ಭಾವದ ಮುಖ. ಮೈ ಎತ್ತರ ತಲೆಯ ಎಷ್ಟು ಪಾಲು ಎಂಬ ಅಳತೆ. ತಲೆಯುಡುಗೆಯ ಮೇಲಿನ ಪಟ್ಟಿಗಳು ಎಷ್ಟು ಎಂದು ಎಣಿಸಿ ಬರೆದ ಸಂಖ್ಯೆ. ಈ ಸಂಖ್ಯೆಯನ್ನು ಕಡೆಗಣಿಸಬೇಡಿ. ವೇಷಭೂಷಣ ತುಂಬಿದ ಪಾತ್ರದಲ್ಲಿ ಒಂದು ಚಿತ್ರಕ್ಕೆ ಏಳು ಪಟ್ಟಿ, ಮುಂದಿನದಕ್ಕೆ ಎಂಟು ಪಟ್ಟಿ ಬಂದರೆ ಚಲಿಸುವಾಗ ಇಡೀ ತಲೆ ನಡುಗಿದಂತೆ ಕಾಣುತ್ತದೆ.

ಗೆರೆಯ ದಪ್ಪವನ್ನೂ ಅಂಕಿಯಲ್ಲಿ ಬರೆದಿಡಿ. 1920×1080 ಅಳತೆಯ ಹಾಳೆಯಲ್ಲಿ ಹೊರಗೆರೆ 6 ಪಿಕ್ಸೆಲ್, ಒಳಗೆರೆ 3 ಎಂದು ಒಪ್ಪಿಕೊಂಡಿರಿ ಎನ್ನೋಣ. ಒಬ್ಬರು ಇದರ ಎರಡರಷ್ಟು ಅಳತೆಯ ಹಾಳೆಯಲ್ಲಿ ಅದೇ 6 ಪಿಕ್ಸೆಲ್‌ನಲ್ಲಿ ಬರೆದು ಕೊನೆಗೆ ಕುಗ್ಗಿಸಿದರೆ ಅವರ ಹೊರಗೆರೆ 3ಕ್ಕೆ ಇಳಿಯುತ್ತದೆ. ಜೊತೆಗೆ ‘ಸ್ಟೆಬಿಲೈಸರ್’ ಎಂಬ ಸೌಲಭ್ಯವನ್ನು ನೋಡಿ. ಕೈಯ ನಡುಕವನ್ನು ತೆಗೆದು ಗೆರೆಯನ್ನು ನಯ ಮಾಡುವ ಈ ಸೌಲಭ್ಯ ಹೆಚ್ಚಿನ ಚಿತ್ರ ತಂತ್ರಾಂಶಗಳಲ್ಲಿ ಇರುತ್ತದೆ. ಅದನ್ನು ತುಂಬ ಏರಿಸಿದರೆ ಯಾರು ಎಳೆದರೂ ಒಂದೇ ಗೆರೆ. ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರ ನೋಡಿದವರಿಗೆ ಗೊತ್ತು, ಅವರ ನರ್ತಕಿಯ ತೋಳು ಒಂದೇ ಎಳೆತದಲ್ಲಿ ಎಲ್ಲಿ ತೆಳುವಾಗುತ್ತದೆ, ಎಲ್ಲಿ ಒತ್ತು ಪಡೆಯುತ್ತದೆ ಎಂಬುದರಲ್ಲೇ ಹೆಬ್ಬಾರರು ಇದ್ದಾರೆ. ಆ ಏರಿಳಿತವನ್ನೇ ಯಂತ್ರ ತಪ್ಪೆಂದು ತಿಳಿದು ತೆಗೆದುಬಿಡುತ್ತದೆ. ಮುಖ್ಯ ಭಂಗಿ ಬರೆಯುವಾಗ ಅದನ್ನು ಸೊನ್ನೆಗೆ ಹತ್ತಿರ ಇಡಿ. ನಿಮ್ಮ ಗೆರೆ ಕಾಣದೆ ಹೋದದ್ದರಲ್ಲಿ ಇದರ ಪಾಲೂ ಇರಬಹುದು, ಹಳೆಯ ಕಡತ ತೆರೆದು ಪರೀಕ್ಷಿಸಿ.

ಹಂಚಿಕೊಂಡ ಫೋಲ್ಡರಿನಲ್ಲಿ ಚಿತ್ರದ ಕಡತವನ್ನು ಇಬ್ಬರು ಏಕಕಾಲಕ್ಕೆ ತೆರೆದರೆ ಕೊನೆಗೆ ಸೇವ್ ಮಾಡಿದವರದ್ದು ಉಳಿಯುತ್ತದೆ, ಇಲ್ಲವೆ ಎರಡು ಪ್ರತಿಯಾಗುತ್ತದೆ. ಬರಹದಂತೆ ಇವನ್ನು ಬೆಸೆಯಲು ಬರುವುದಿಲ್ಲ. ಮೂರು ಫೋಲ್ಡರ್ ಮಾಡಿ: ಒಬ್ಬೊಬ್ಬರ ಕೆಲಸದ್ದು, ಒಪ್ಪಿಗೆಗೆ ಕೊಟ್ಟದ್ದು, ಒಪ್ಪಿದ್ದು. ಮೂರನೆಯದಕ್ಕೆ ಒಬ್ಬರೇ ಕಡತ ಹಾಕಬೇಕು, ಎಡಿಟಿಂಗ್ ಮಾಡುವವರು ಅಲ್ಲಿಂದ ಮಾತ್ರ ಎತ್ತಿಕೊಳ್ಳಬೇಕು. ಕಡತದ ಹೆಸರಿನಲ್ಲಿ ದೃಶ್ಯ, ಶಾಟ್, ಹಂತ, ಆವೃತ್ತಿಯ ಸಂಖ್ಯೆ ಈ ಕ್ರಮ ಇರಲಿ. ‘ಫೈನಲ್’ ಎಂಬ ಪದ ಬಳಸಬೇಡಿ, ಅದರ ಹಿಂದೆಯೇ ‘ಫೈನಲ್ 2’ ಬರುತ್ತದೆ.

ಮದ್ದಳೆ ಕೂಡದ ವಿಷಯ. ಹೇಗೆ ಕೂಡುವುದಿಲ್ಲ ಎಂದು ನೀವು ಬರೆದಿಲ್ಲ. ರೋಗ ಮೂರು ಬಗೆಯದು, ಮೂರಕ್ಕೂ ಮದ್ದು ಬೇರೆ.

ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಮದ್ದಳೆ ಹಿಂದೆ ಬಿದ್ದಿದ್ದರೆ ಬ್ಲೂಟೂತ್ ಇಯರ್‌ಫೋನನ್ನು ಸಂಶಯಿಸಿ. ಅದರಲ್ಲಿ ಧ್ವನಿ ಕಿವಿಗೆ ಬರುವಾಗಲೇ 100ರಿಂದ 200 ಮಿಲಿಸೆಕೆಂಡ್ ತಡವಾಗಬಹುದು. 25ರ ಲೆಕ್ಕದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್, ಅಂದರೆ 200 ಎಂದರೆ ಐದು ಫ್ರೇಮ್. ಭಾಗವತರ ಹಾಡನ್ನು ಅದರಲ್ಲಿ ಕೇಳಿಕೊಂಡು ನುಡಿಸಿದ ಮದ್ದಳೆಗಾರರ ತಪ್ಪು ಏನೂ ಇಲ್ಲ. ಟ್ರ್ಯಾಕನ್ನು ಅಷ್ಟು ಮೊದಲೇ ಶುರುವಾಗುವಂತೆ ಸರಿಸಿದರೆ ಸರಿಯಾಗುತ್ತದೆ. ಮುಂದೆ ವೈರ್ ಇರುವ ಹೆಡ್‌ಫೋನ್ ಬಳಸಿ.

ಶುರುವಿಗೆ ಸರಿ ಇದ್ದು ಹೋಗುತ್ತ ಹೋಗುತ್ತ ಅಂತರ ಹೆಚ್ಚುವುದಾದರೆ ಅಳತೆಗಳು ಬೆರೆತಿವೆ. ಮೊಬೈಲ್ ವಿಡಿಯೊದ ಫ್ರೇಮ್ ವೇಗ ಎಷ್ಟೋ ಸಲ ಸ್ಥಿರವಾಗಿರುವುದಿಲ್ಲ, ಹೆಜ್ಜೆಯ ಮಾದರಿಗೆ ಅದನ್ನು ಬಳಸಿದ್ದರೆ ಮೊದಲು ಸ್ಥಿರ 25ಕ್ಕೆ ಪರಿವರ್ತಿಸಬೇಕಿತ್ತು. ಚಿತ್ರಗಳನ್ನು 24ರ ಲೆಕ್ಕದಲ್ಲಿ ಬರೆದು ಎಡಿಟಿಂಗಿನಲ್ಲಿ 25ಕ್ಕೆ ಹಾಕಿದ್ದರೆ ಏಳು ನಿಮಿಷದ ಚಿತ್ರ 6 ನಿಮಿಷ 43 ಸೆಕೆಂಡಿಗೆ ಮುಗಿದು ಹಾಡು ಇನ್ನೂ ಉಳಿದಿರುತ್ತದೆ. ಧ್ವನಿಯನ್ನು 44.1 ಕಿಲೊಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಅಳತೆ) ಮುದ್ರಿಸಿ, ಅದನ್ನು 48 ಎಂದು ತಿಳಿದು ನುಡಿಸಿದರೆ ವೇಗ ನೂರಕ್ಕೆ ಸುಮಾರು 9ರಷ್ಟು ಏರುತ್ತದೆ, ಶ್ರುತಿ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಮೇಲೆ ಹೋಗುತ್ತದೆ. ಎಲ್ಲರೂ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಕಡತ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಎಲ್ಲ ಟ್ರ್ಯಾಕ್‌ಗಳೂ ಒಂದೇ ಸೊನ್ನೆಯಿಂದ ಶುರುವಾಗಬೇಕು, ಶುರುವಿಗೆ ಒಂದು ತಾಳದ ಪೆಟ್ಟು ಗುರುತಿಗೆ ಇರಬೇಕು.

ಒಮ್ಮೆ ಮುಂದೆ, ಒಮ್ಮೆ ಹಿಂದೆ ಎಂದು ಆಗುತ್ತಿದ್ದರೆ ಅದು ಲಯದ ಸಮಸ್ಯೆ, ತಂತ್ರಾಂಶದಿಂದ ತಿದ್ದಲು ಹೋಗಬೇಡಿ. ರಂಗಸ್ಥಳದಲ್ಲಿ ಚೆಂಡೆ ಮದ್ದಳೆಯವರು ಭಾಗವತರ ಉಸಿರನ್ನೂ ವೇಷದ ಕಾಲನ್ನೂ ನೋಡಿ ನುಡಿಸುತ್ತಾರೆ. ಬಿಡ್ತಿಗೆ ಎಂಬ ನುಡಿತದ ಭಾಗ ಯಾವಾಗ ಮುಗಿಯಬೇಕೆಂಬುದು ಕಣ್ಸನ್ನೆಯಲ್ಲಿ ತೀರ್ಮಾನವಾಗುತ್ತದೆ. ಇಂಟರ್‌ನೆಟ್ ಕರೆಯಲ್ಲಿ ಇದು ಆಗದು. ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್, ಅಂದರೆ ಕರೆಯ 150 ಮಿಲಿಸೆಕೆಂಡ್ ತಡ ಎಂದರೆ ಭಾಗವತರಿಂದ 50 ಮೀಟರ್ ದೂರ ಕೂತು ಮದ್ದಳೆ ನುಡಿಸಿದಂತೆ. ಲಯ ತೋರಿಸುವ ‘ಕ್ಲಿಕ್’ ಸದ್ದು ಹಾಕಿಕೊಂಡು ಒಬ್ಬೊಬ್ಬರೇ ಮುದ್ರಿಸುವುದಾದರೂ ತೊಡಕಿದೆ. ತಂತ್ರಾಂಶದ ಕ್ಲಿಕ್ ತಾನಾಗಿ ನಾಲ್ಕರ ಎಣಿಕೆಯಲ್ಲಿ ಇರುತ್ತದೆ, ತ್ರಿವುಡೆಯ ಏಳಕ್ಕೆ ಬದಲಿಸದಿದ್ದರೆ ಅದರ ಒತ್ತು ಪ್ರತಿ ಸುತ್ತಿಗೂ ಬೇರೆ ಅಕ್ಷರದ ಮೇಲೆ ಬೀಳುತ್ತದೆ. ಬದಲಿಸಿದರೂ ಮುಕ್ತಾಯಕ್ಕೆ ಬರುವಾಗಿನ ಸಹಜ ಏರಿಕೆ ಸತ್ತುಹೋಗುತ್ತದೆ. ನಮ್ಮ ಸಲಹೆ ಸ್ಪಷ್ಟ: ಉಳಿದೆಲ್ಲ ದೂರದಿಂದ ಆಗಲಿ, ಹಿಮ್ಮೇಳ ಮಾತ್ರ ಒಂದು ದಿನ ಒಂದೇ ಕೋಣೆಯಲ್ಲಿ ಕೂರಲಿ. ಒಬ್ಬೊಬ್ಬರಿಗೆ ಒಂದೊಂದು ಮೈಕ್. ಭಾಗವತರ ಮೈಕಿನ ಬೆನ್ನು ಚೆಂಡೆಯ ಕಡೆಗೆ ಇರಲಿ, ಆಗ ಚೆಂಡೆಯ ಸೋರಿಕೆ ಕಡಿಮೆ. ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಿರಲಿ. ಫೋನಿನ ರೆಕಾರ್ಡರ್ ಬೇಡ, ಅದು ಧ್ವನಿಮಟ್ಟವನ್ನು ತಾನೇ ಏರಿಸಿ ಇಳಿಸುವುದರಿಂದ ಚೆಂಡೆ ಬಿದ್ದಾಗಲೆಲ್ಲ ಭಾಗವತರ ಸ್ವರ ಮುಳುಗುತ್ತದೆ. ಆ ಹಾಡು ಕೈಗೆ ಬಂದ ಮೇಲೆ ಅದಕ್ಕೆ ಚಿತ್ರ ಬರೆಯಿರಿ. ಚಿತ್ರಕ್ಕೆ ಹಾಡು ಕೂರಿಸುವುದು ವೇಷಧಾರಿ ಕುಣಿದು ಮುಗಿಸಿದ ಮೇಲೆ ಭಾಗವತರನ್ನು ಕರೆದ ಹಾಗೆ.

ಹೆಸರು ಮತ್ತು ಹಕ್ಕು. ಅಭಿಮನ್ಯುವಿನ ಕಥೆಯೇ ಈ ವಿಷಯಕ್ಕೆ ಒಮ್ಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಶಿವರಾಮ ಕಾರಂತರು ಯಕ್ಷಗಾನದ ರಾಗ, ತಾಳ, ರಂಗಸಜ್ಜಿಕೆ, ವೇಷಗಳಲ್ಲಿ ಮಾರ್ಪಾಡು ತಂದು ಬ್ಯಾಲೆ ರೂಪ ಕಟ್ಟಿದರು, ಅದಕ್ಕೆಂದು ಏಳು ಪ್ರಸಂಗ ಸಿದ್ಧಪಡಿಸಿದರು. ಅವರು ತೀರಿಕೊಂಡ ಮೇಲೆ 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾದಾಗ, ಉಯಿಲಿನ ಮೂಲಕ ಹಕ್ಕು ಪಡೆದವರು ಉಡುಪಿಯಲ್ಲಿ ದಾವೆ ಹೂಡಿದರು. ಹಕ್ಕು ಅವರದೇ ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದ್ದನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, ಕಾಯಿದೆಯೇ ಕೊಡುವ ಕೆಲವು ವಿನಾಯಿತಿಗಳನ್ನು ಪ್ರದರ್ಶಿಸುವವರಿಗೂ ಉಳಿಸಿತು. ಯಕ್ಷಗಾನ ಎಂಬ ಪರಂಪರೆ ಎಲ್ಲರದೂ ಹೌದು, ಅದರೊಳಗೆ ಒಬ್ಬರು ಹೊಸದಾಗಿ ಕಟ್ಟಿ ದಾಖಲಿಸಿಟ್ಟ ರೂಪ ಅವರದು. ದಾಖಲಿಸಿಟ್ಟ ಎಂಬ ಮಾತಿಗೆ ತೂಕವಿದೆ. ಕಾಯಿದೆಯಲ್ಲಿ ನಾಟಕ ಕೃತಿಯ ವ್ಯಾಖ್ಯೆಯೇ, ಅದರ ರಂಗರೂಪ ಬರಹದಲ್ಲೋ ಬೇರೆ ರೀತಿಯಲ್ಲೋ ನೆಲೆಗೊಂಡಿರಬೇಕು ಎನ್ನುತ್ತದೆ.

ನಿಮ್ಮ ಕೆಲಸಕ್ಕೆ ಇದನ್ನು ಅನ್ವಯಿಸೋಣ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ‘ಜಂಟಿ ಕರ್ತೃತ್ವ’ ಎಂದರೆ ಒಬ್ಬರ ಪಾಲನ್ನು ಇನ್ನೊಬ್ಬರದರಿಂದ ಬೇರ್ಪಡಿಸಲು ಬಾರದ ಕೃತಿ. ನೀವಿಬ್ಬರೂ ಒಬ್ಬರ ಮೇಲೊಬ್ಬರು ತಿದ್ದಿದ ಚಿತ್ರಗಳು ಆ ಬಗೆಯವು. ಹಿನ್ನೆಲೆ ಅವರದು, ಪಾತ್ರ ನಿಮ್ಮದು ಎಂದಿದ್ದರೆ ಎರಡೂ ಬೇರೆ ಬೇರೆ ಉಳಿಯುತ್ತಿದ್ದವು. ಭಾಗವತರಿಗೂ ಚೆಂಡೆ ಮದ್ದಳೆಯವರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ, ಚಿತ್ರದಲ್ಲಿ ಸೇರಿಸಲು ಅವರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಇಡೀ ವಿಡಿಯೊ ಕಾನೂನಿನ ಕಣ್ಣಿಗೆ ಒಂದು ಸಿನಿಮಾ. ಅದರ ಕರ್ತೃ ನಿರ್ಮಾಪಕರು, ಅಂದರೆ ಮುಂದಾಳುತನ ವಹಿಸಿ ಹೊಣೆ ಹೊತ್ತವರು. ನಿಮ್ಮ ಆರು ಮಂದಿಯಲ್ಲಿ ಅದು ಯಾರು? ಇದನ್ನು ಬರೆದುಕೊಳ್ಳದಿದ್ದರೆ ಮನಸ್ತಾಪ ಬಂದೇ ಬರುತ್ತದೆ. ಹಕ್ಕು ವರ್ಗಾವಣೆ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಬರಹ ಮತ್ತು ಸಹಿ ಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಕಾಯಿದೆ ಹಿಡಿಯುತ್ತದೆ. ಹಕ್ಕು ಕೊಟ್ಟ ಮೇಲೂ, ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು ಮತ್ತು ಮಾನಕ್ಕೆ ಕುಂದಾಗುವಂತೆ ವಿರೂಪಗೊಳಿಸಿದರೆ ತಡೆಯುವ ಹಕ್ಕು 57ನೇ ಕಲಮಿನಲ್ಲಿ ನಿಮಗೆ ಉಳಿದಿರುತ್ತದೆ.

ಕಾನೂನಿಗಿಂತ ಹಳೆಯ ಉಪಾಯವೊಂದು ಉಡುಪಿಯವರಿಗೆ ಹೇಳಿಕೊಡಬೇಕಾಗಿಲ್ಲ. ವಾದಿರಾಜರ ಪದಗಳು ಎಷ್ಟು ಬಾಯಿ ದಾಟಿದವು, ಎಷ್ಟು ರಾಗ ಬದಲಿಸಿದವು! ಆದರೂ ಕೊನೆಯ ಚರಣದಲ್ಲಿ ‘ಹಯವದನ’ ಎಂಬ ಅಂಕಿತ ಕೂತಿದೆ, ಪದ್ಯ ಒಡೆಯದೆ ಅದನ್ನು ತೆಗೆಯಲು ಬರುವುದಿಲ್ಲ. ಹೆಸರನ್ನು ಕೃತಿಯ ಹೊರಗೆ ಅಂಟಿಸದೆ ಒಳಗೇ ನೆಯ್ದ ರೀತಿ ಅದು. ಚಿತ್ರದ ಕಡತದೊಳಗೆ ಅಡಗಿಸಿಟ್ಟ ಹೆಸರು, ದಿನಾಂಕಗಳನ್ನು ವಾಟ್ಸಾಪಿನಂಥ ಆ್ಯಪ್‌ಗಳು ಚಿತ್ರ ಕುಗ್ಗಿಸುವಾಗ ಕಿತ್ತುಹಾಕುತ್ತವೆ. ವಿಡಿಯೊದ ಕೊನೆಯಲ್ಲಿ ಓಡುವ ಹೆಸರುಗಳು, ಯಾರೋ ನಡುವಿನ 30 ಸೆಕೆಂಡ್ ಕತ್ತರಿಸಿ ರೀಲ್ಸ್ ಮಾಡಿದಾಗ ಉಳಿಯುವುದಿಲ್ಲ. ಆದ್ದರಿಂದ ಒಂದೊಂದು ಪದ್ಯ ಶುರುವಾಗುವಾಗಲೂ ಮೂರು ಸೆಕೆಂಡ್ ಭಾಗವತರ, ಚೆಂಡೆ ಮದ್ದಳೆಯವರ ಹೆಸರು ಚಿತ್ರದ ಮೇಲೆಯೇ ಬರಲಿ. ನಿಮ್ಮ ಹೆಸರನ್ನು ಹಿನ್ನೆಲೆಯ ಕಂಬದ ಮೇಲೋ ಪರದೆಯ ಅಂಚಿನಲ್ಲೋ ವಿನ್ಯಾಸದ ಭಾಗವಾಗಿ ಬರೆಯಿರಿ. ‘ಚಿತ್ರ: ಇಬ್ಬರು’ ಎಂದು ಒಟ್ಟಿಗೆ ಹಾಕಬೇಡಿ. ಪಾತ್ರ ಯಾರದು, ಹಿನ್ನೆಲೆ ಯಾರದು, ನಡುಚಿತ್ರಗಳು ಯಾರವು ಎಂದು ಬಿಡಿಸಿ ಹಾಕಿ.

ನಡುಚಿತ್ರಗಳನ್ನು ಈಗ ಕೃತಕ ಬುದ್ಧಿಮತ್ತೆಯ ಸಾಧನಗಳಿಂದಲೂ ತುಂಬಿಸಬಹುದು. ಚಲಿಸುವ ಮೋಡಕ್ಕೆ, ಹಾರುವ ಬಾಣಕ್ಕೆ ಬಳಸಿ, ನಮಗೆ ತಕರಾರಿಲ್ಲ. ಮುಖಕ್ಕೆ ಬೇಡ. ಸಾವಿರಾರು ಮುಖಗಳಿಂದ ಕಲಿತ ಸಾಧನ ನಿಮ್ಮ ಓರೆ ಹುಬ್ಬನ್ನು ಮೆಲ್ಲಗೆ ಎಲ್ಲರ ಹುಬ್ಬಿನ ಕಡೆಗೆ ಎಳೆಯುತ್ತದೆ, ಫೋಲ್ಡರಿನಲ್ಲಿ ನಿಮಗೆ ಆದದ್ದೇ ಅಲ್ಲೂ ಆಗುತ್ತದೆ.

ಈಗ ಕೈಯಲ್ಲಿರುವುದನ್ನು ಬಿಸಾಡಬೇಡಿ. ಒಬ್ಬರ ಗೆರೆಯ ಮೇಲೆ ಇನ್ನೊಬ್ಬರು ತಿದ್ದುವ ಮೊದಲಿನ ಕಡತಗಳು ಫೋಲ್ಡರಿನ ಹಳೆಯ ಆವೃತ್ತಿಗಳಲ್ಲಿ ಸಿಗುತ್ತವೆಯೇ ನೋಡಿ. ಇಂಥ ಹಳೆಯ ಆವೃತ್ತಿಗಳನ್ನು ಕೆಲವು ಸೇವೆಗಳು ಒಂದು ತಿಂಗಳಷ್ಟೇ ಇಟ್ಟುಕೊಳ್ಳುತ್ತವೆ, ಇವತ್ತೇ ನೋಡಿ. ಸಿಕ್ಕರೆ ಏಳು ನಿಮಿಷವನ್ನು ಮೂರಕ್ಕೆ ಇಳಿಸಿ, ಚಕ್ರವ್ಯೂಹ ಹೊಗುವ ಒಂದು ಪದ್ಯಕ್ಕೆ ನಿಲ್ಲಿಸಿ, ಹಿಮ್ಮೇಳವನ್ನು ಮತ್ತೊಮ್ಮೆ ಮುದ್ರಿಸಿ. ಆರು ಮಂದಿಯೂ ಒಂದು ಪುಟದ ಒಪ್ಪಂದ ಬರೆದು ಸಹಿ ಹಾಕಿ.

ಮತ್ತು ನಿಮ್ಮ ಒಬ್ಬರದೇ ಗೆರೆಯ ನಾಲ್ಕು ಭಂಗಿಗಳನ್ನು ನಮಗೆ ಕಳಿಸಿ, ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ವಿಡಿಯೊದಿಂದ ತೆಗೆದ ಫ್ರೇಮ್ ಬೇಡ, 1920 ಪಿಕ್ಸೆಲ್ ಅಗಲದ್ದು 300 ಡಿಪಿಐ ಮುದ್ರಣದಲ್ಲಿ ಸುಮಾರು 16 ಸೆಂಟಿಮೀಟರಿಗೆ ಮುಗಿಯುತ್ತದೆ. ಪೂರ್ತಿ ಪುಟಕ್ಕೆ 2480×3508 ಪಿಕ್ಸೆಲ್ ಇರಲಿ, ಇಮೇಲ್‌ನಲ್ಲಿ ಬರಲಿ. ವಾಟ್ಸಾಪಿನಲ್ಲೇ ಕಳಿಸುವುದಾದರೆ ಫೋಟೊ ಎಂದು ಹಾಕದೆ ಡಾಕ್ಯುಮೆಂಟ್ ಎಂದು ಹಾಕಿ.

— ಸಂಪಾದಕ